ಬಿಟ್ಟಿ ಪಾರ್ಸಲ್ಲಿಗೆ ಮೂರು ಬೆಲೆ

ಕಂಪನಿಯವರು ಬಿಟ್ಟಿಯಾಗಿ ಕಳಿಸುವ ಪ್ರತಿ ವಸ್ತುವಿಗೂ ಮೂರು ಬೆಲೆ ಇರುತ್ತದೆ. ಡಬ್ಬಿಯ ಮೇಲೆ ಅಚ್ಚಾದ ಎಂಆರ್‌ಪಿ ಒಂದು. ಆದಾಯ ತೆರಿಗೆ ಇಲಾಖೆ ಲೆಕ್ಕಕ್ಕೆ ಹಿಡಿಯುವ ಬೆಲೆ ಇನ್ನೊಂದು. ಅದೇ ವಸ್ತುವನ್ನು ನಾವೇ ದುಡ್ಡು ಕೊಟ್ಟು ತರುವುದಾಗಿದ್ದರೆ ಎಷ್ಟು ಕೊಡುತ್ತಿದ್ದೆವು ಎನ್ನುವುದು ಮೂರನೆಯದು. ಇದನ್ನು ನಾನು ಮನೆಬೆಲೆ ಎನ್ನುತ್ತೇನೆ. ಕಂಪನಿ ಚೌಕಾಸಿ ಮಾಡುವುದು ಮೊದಲನೆಯದರಲ್ಲಿ, ತೆರಿಗೆ ಬೀಳುವುದು ಎರಡನೆಯದರ ಮೇಲೆ, ಸಂಸಾರ ನಡೆಯುವುದು ಮಾತ್ರ ಮೂರನೆಯದರಲ್ಲಿ. ಈ ಮೂರರ ನಡುವಿನ ಅಂತರ ಗೊತ್ತಿಲ್ಲದಿದ್ದರೆ ಬಿಟ್ಟಿ ಸಿಕ್ಕಿದ್ದರಲ್ಲೂ ನಷ್ಟವಾಗುತ್ತದೆ.

ನಾನು ಮೈಸೂರಿನ ಅಶೋಕಪುರಂನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಮಗಳು ಹುಟ್ಟಿದ ಮೇಲೆ ಇನ್ನೊಂದು ಕೆಲಸವೂ ಸೇರಿಕೊಂಡಿತು: ಮಿಕ್ಸಿ, ಮಾಪು, ಪಾತ್ರೆ ತೊಳೆಯುವ ಲಿಕ್ವಿಡ್ಡು, ಮಕ್ಕಳ ಆಟಿಕೆ ಇಂಥವನ್ನು ಮನೆಯಲ್ಲಿ ಬಳಸಿ ನೋಡಿ ಕನ್ನಡದಲ್ಲಿ ವಿಡಿಯೊ ಮಾಡುವುದು. ರೈಲ್ವೆ ಸ್ಟೇಷನ್ ಕಡೆಯ ನಮ್ಮ ಕ್ರಾಸು ಡೆಲಿವರಿ ಹುಡುಗರಿಗೆ ಬಾಯಿಪಾಠ. "ನಿಮ್ಗೇನಮ್ಮ, ಎಲ್ಲಾ ಫ್ರೀ" ಎನ್ನುತ್ತಾರೆ ಎದುರು ಮನೆಯ ಅಕ್ಕ. ಈ ಕೆಲಸಕ್ಕೆ ಇಳಿಯಬೇಕೆಂದಿರುವ ಅನೇಕ ತಾಯಂದಿರೂ ಹಾಗೆಯೇ ಎಣಿಸಿದ್ದಾರೆ. ಲೆಕ್ಕ ಬೇರೆಯೇ ಇದೆ.

ಡಬ್ಬಿಯ ಮೇಲಿನ ಬೆಲೆ

ಈ ವ್ಯವಹಾರಕ್ಕೆ ಎಲ್ಲರೂ ಬಾರ್ಟರ್ ಎನ್ನುತ್ತಾರೆ. ಮೆಸೇಜು ಬರುವ ರೀತಿ ಹೀಗೆ: "ಮೇಡಂ, ₹9,999ರ ಏರ್ ಫ್ರೈಯರ್ ಕಳಿಸ್ತೀವಿ. ಒಂದು ರೀಲ್, ಎರಡು ಸ್ಟೋರಿ ಮಾಡಿಕೊಡಿ." ಹತ್ತು ಸಾವಿರದ ಸಂಬಳ ಎಂದು ಕಿವಿಗೆ ಕೇಳಿಸುತ್ತದೆ. ಅದೇ ಫ್ರೈಯರ್ ಆನ್‌ಲೈನಿನಲ್ಲಿ ವರ್ಷವಿಡೀ ₹5,500ಕ್ಕೆ ಮಾರಾಟಕ್ಕಿರುತ್ತದೆ. ಎಂಆರ್‌ಪಿ ಎನ್ನುವುದು ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬ ಮಿತಿ ಮಾತ್ರ. ಅಷ್ಟಕ್ಕೆ ಮಾರಾಟವಾಗುತ್ತದೆ ಎಂಬ ಅರ್ಥ ಅದಕ್ಕಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ಸಂಬಳದಿಂದ ಶಾಲೆಯ ಫೀಸು ಕಟ್ಟಲಾಗುವುದಿಲ್ಲ, ನಂಜುಮಳಿಗೆಗೆ ಹೋಗಿ ಒಂದು ಕಟ್ಟು ಸೊಪ್ಪು ತರಲಾಗುವುದಿಲ್ಲ. ಬಾಬಾಸಾಹೇಬ್ ಅಂಬೇಡ್ಕರರ ಚಿತ್ರವಿಲ್ಲದ ಮನೆ ನಮ್ಮ ಬಡಾವಣೆಯಲ್ಲಿ ಅಪರೂಪ. ಅವರು ಅರ್ಥಶಾಸ್ತ್ರಜ್ಞರೂ ಆಗಿದ್ದರು ಎಂಬುದು ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ. 1923ರಲ್ಲಿ ಪ್ರಕಟವಾದ 'ದಿ ಪ್ರಾಬ್ಲಂ ಆಫ್ ದಿ ರುಪೀ' ಗ್ರಂಥದಲ್ಲಿ ಅವರು ಒತ್ತಿ ಹೇಳಿದ್ದು ರೂಪಾಯಿಯ ಕೊಳ್ಳುವ ಶಕ್ತಿಯ ಬಗ್ಗೆ. ಅದು ಸ್ಥಿರವಾಗದೆ ರೂಪಾಯಿ ಸ್ಥಿರವಾಗದು ಎಂಬುದು ಅವರ ವಾದ. ದೇಶದ ನಾಣ್ಯದ ಬಗ್ಗೆ ಬರೆದದ್ದು ನಿಜ, ಆದರೆ ಮನೆಯ ಲೆಕ್ಕಕ್ಕೂ ಅದೇ ಅಳತೆ. ಏನನ್ನೂ ಕೊಳ್ಳಲಾಗದ ಸಂಬಳದ ಅಂಕಿ ಎಷ್ಟು ದೊಡ್ಡದಿದ್ದರೇನು?

ಇನ್ನು ಹೊತ್ತಿನ ಮಾತು. ಒಂದು ನಿಮಿಷದ ವಿಡಿಯೊಗೆ ವಸ್ತುವನ್ನು ಕೆಲವು ವಾರ ಬಳಸಬೇಕು, ಬೆಳಕಿರುವಾಗ ಶೂಟ್ ಮಾಡಬೇಕು, ಎಡಿಟ್ ಮಾಡಬೇಕು. ಆಮೇಲೆ "ಮೇಡಂ, ನಮ್ಮ ಲೋಗೊ ಸರಿಯಾಗಿ ಕಾಣ್ತಿಲ್ಲ" ಎಂದರೆ ಮತ್ತೆ ಶೂಟ್ ಮಾಡಬೇಕು. ನಾನು ನನ್ನ ಟ್ಯೂಷನ್ನಿನ ಗಂಟೆಯ ದರವನ್ನೇ ಇದಕ್ಕೂ ಹಾಕುತ್ತೇನೆ. ಸಾವಿರ ರೂಪಾಯಿಯೊಳಗಿನ ಮಾಪು, ಬಾಟಲಿ, ಡಬ್ಬಿಗಳ ಪೈಕಿ ಬಹುತೇಕ ಯಾವುದೂ ಈ ಲೆಕ್ಕದಲ್ಲಿ ಗಿಟ್ಟುವುದಿಲ್ಲ.

ತೆರಿಗೆಯ ಬೆಲೆ

2022ರ ಜುಲೈ 1ರಿಂದ ಆದಾಯ ತೆರಿಗೆ ಕಾಯ್ದೆಯಲ್ಲಿ 194ಆರ್ ಎಂಬ ಸೆಕ್ಷನ್ ಜಾರಿಗೆ ಬಂತು. ವೃತ್ತಿ ಅಥವಾ ವ್ಯಾಪಾರದ ಕಾರಣಕ್ಕೆ ಒಂದೇ ಕಂಪನಿಯಿಂದ ಒಂದು ಹಣಕಾಸು ವರ್ಷದಲ್ಲಿ ಬಂದ ವಸ್ತು, ಸೌಲಭ್ಯಗಳ ಒಟ್ಟು ಬೆಲೆ ₹20,000 ದಾಟಿದರೆ ಶೇ 10ರಷ್ಟು ಟಿಡಿಎಸ್. ದಾಟಿದ ಭಾಗದ ಮೇಲೆ ಮಾತ್ರವಲ್ಲ, ಪೂರ್ತಿ ಬೆಲೆಯ ಮೇಲೆ. ಪ್ಯಾನ್ ಕೊಡದಿದ್ದರೆ ಶೇ 20. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಬಂದಿದೆ. ಅದರಲ್ಲಿ ಸೆಕ್ಷನ್ನಿನ ಸಂಖ್ಯೆ ಬದಲಾಯಿತೇ ಹೊರತು ಈ ದರವೂ ಮಿತಿಯೂ ಬದಲಾಗಿಲ್ಲ.

ಸಂಬಳದಲ್ಲಿ ಟಿಡಿಎಸ್ ಹಿಡಿದುಕೊಳ್ಳುವುದು ಸುಲಭ. ವಾಷಿಂಗ್ ಮಷೀನಿನಲ್ಲಿ ಹತ್ತನೇ ಒಂದು ಭಾಗವನ್ನು ಹಿಡಿದುಕೊಳ್ಳುವುದು ಹೇಗೆ? ಹಾಗಾಗಿ ತೆರಿಗೆ ಕಟ್ಟಿದ್ದು ಖಾತ್ರಿಯಾದ ಮೇಲೆಯೇ ವಸ್ತು ಕೊಡಬೇಕು ಎನ್ನುತ್ತದೆ ಕಾನೂನು. ₹24,000ದ ಮಷೀನಾದರೆ ನಾವು ₹2,400 ಮುಂಗಡ ತೆರಿಗೆ ಕಟ್ಟಿ ಚಲನ್ ತೋರಿಸಬೇಕು, ಇಲ್ಲವೇ ಕಂಪನಿಯೇ ತನ್ನ ಕೈಯಿಂದ ಭರಿಸಬೇಕು. ಬಿಟ್ಟಿ ಬಂದದ್ದಕ್ಕೂ ನಗದು ಬಿಚ್ಚುವ ಪ್ರಸಂಗ ಇದು. ಹೊಸ ತೆರಿಗೆ ಪದ್ಧತಿಯಲ್ಲಿ ₹12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ನಮ್ಮಂಥವರಿಗೆ ರಿಟರ್ನ್ಸ್ ಸಲ್ಲಿಸಿದ ಮೇಲೆ ಈ ದುಡ್ಡು ವಾಪಸ್ ಬರುತ್ತದೆ. ಅಲ್ಲಿಯವರೆಗೆ ಅದು ಸಿಕ್ಕಿಹಾಕಿಕೊಂಡಿರುತ್ತದೆ.

ಇಲ್ಲಿ ಎರಡು ವಿಷಯ ಗೊತ್ತಿದ್ದರೆ ದುಡ್ಡು ಉಳಿಯುತ್ತದೆ. 2022ರ ಜೂನ್ 16ರಂದು ನೇರ ತೆರಿಗೆಗಳ ಕೇಂದ್ರೀಯ ಮಂಡಳಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ತಯಾರಕರೇ ವಸ್ತು ಕೊಟ್ಟರೆ ಅವರು ಗ್ರಾಹಕರಿಗೆ ಮಾರುವ ಬೆಲೆಯನ್ನು ಹಿಡಿಯಬೇಕು. ಬೇರೆಯವರಿಂದ ಕೊಂಡು ಕೊಟ್ಟಿದ್ದರೆ ಕೊಂಡ ಬೆಲೆ. ಜಿಎಸ್‌ಟಿ ಸೇರಿಸುವಂತಿಲ್ಲ. ಅಂದರೆ ₹9,999 ಎಂದು ಡಬ್ಬಿಯ ಮೇಲಿರುವುದೇ ತೆರಿಗೆಯ ಬೆಲೆ ಆಗಬೇಕಿಲ್ಲ. ಒಪ್ಪಿಕೊಳ್ಳುವ ಮೊದಲೇ ಈ ಬೆಲೆಯನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಎರಡನೆಯದು, ವಿಡಿಯೊಗಾಗಿ ಬಳಸಿ ವಾಪಸ್ ಕಳಿಸಿದ ವಸ್ತುವನ್ನು ಅದೇ ಸುತ್ತೋಲೆ ಲಾಭವೆಂದು ಎಣಿಸುವುದಿಲ್ಲ. ದೊಡ್ಡ ಯಂತ್ರಗಳ ವಿಷಯದಲ್ಲಿ ನಾನು ಹಿಡಿದಿರುವ ದಾರಿ ಇದು: ಬಳಸುತ್ತೇನೆ, ಹೇಳಬೇಕಾದ್ದನ್ನು ಹೇಳುತ್ತೇನೆ, ಅವರ ಖರ್ಚಿನಲ್ಲೇ ಹಿಂದಕ್ಕೆ ಕಳಿಸಿ ಕೊರಿಯರ್ ರಸೀತಿ ಇಟ್ಟುಕೊಳ್ಳುತ್ತೇನೆ. ವಾಪಸ್ ಹೋಗುವ ವಸ್ತುವಿನ ಬಗ್ಗೆ ನಿಜ ಹೇಳುವುದೂ ಸಲೀಸು.

₹20,000 ದಾಟದಿದ್ದರೆ ಟಿಡಿಎಸ್ ಇಲ್ಲ ಎಂದ ಮಾತ್ರಕ್ಕೆ ಅದು ಆದಾಯವಲ್ಲ ಎಂದಾಗುವುದಿಲ್ಲ. ನಾಲ್ಕಾರು ಕಂಪನಿಗಳಿಂದ ಬಂದ ಸಣ್ಣಪುಟ್ಟ ವಸ್ತುಗಳ ಬೆಲೆಯೂ ವೃತ್ತಿಯ ಆದಾಯವೇ. ಅದನ್ನು ತೋರಿಸಲು ಸಂಬಳದಾರರ ಐಟಿಆರ್-1 ನಮೂನೆ ಸಾಲದು. ವರ್ಷಕ್ಕೊಮ್ಮೆ ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿ (ಎಐಎಸ್) ತೆಗೆದು ನೋಡಿ. ಯಾವ ಕಂಪನಿ ನಿಮ್ಮ ಪ್ಯಾನ್ ಹೆಸರಿನಲ್ಲಿ ಏನು ಬರೆದಿದೆ ಎಂದು ಅಲ್ಲಿ ಕಾಣುತ್ತದೆ.

ಮನೆಬೆಲೆ

ಮೂರನೆಯ ಬೆಲೆಯನ್ನು ಯಾರೂ ಬರೆದುಕೊಡುವುದಿಲ್ಲ. ತಿಂಗಳ ಸಾಮಾನಿನ ಚೀಟಿಯಲ್ಲಿ ಈ ವಸ್ತು ಇರುತ್ತಿತ್ತೇ ಎಂದು ನೋಡಬೇಕು. ಬಟ್ಟೆ ಸೋಪು, ಪಾತ್ರೆ ಲಿಕ್ವಿಡ್ಡು ಬಂದರೆ ಆ ತಿಂಗಳು ಅಂಗಡಿಯಲ್ಲಿ ಅಷ್ಟು ಉಳಿಯಿತು. ಅವುಗಳ ಮನೆಬೆಲೆ ಪೂರ್ತಿ ಸಿಗುತ್ತದೆ. ದೋಸೆಹಿಟ್ಟಿಗೆ ಗ್ರೈಂಡರ್ ಇರುವ ಮನೆಗೆ ಎರಡನೆಯ ಗ್ರೈಂಡರ್ ಬಂದರೆ ಮನೆಬೆಲೆ ಸೊನ್ನೆ. ಅಟ್ಟದ ಮೇಲೆ ಜಾಗ ಹೋಯಿತಲ್ಲ ಎಂದು ನಮ್ಮತ್ತೆ ಇನ್ನೂ ಕೆಳಕ್ಕೆ ಇಳಿಸುತ್ತಾರೆ.

ಸೊನ್ನೆಗಿಂತ ಕೆಳಗಿಳಿಯುವ ವಸ್ತುಗಳು ನಿಜಕ್ಕೂ ಇವೆ. ಬಿಟ್ಟಿ ಸಿಕ್ಕ ಆನೆಗೂ ಮೇವು ಹಾಕಲೇಬೇಕು. ನೀರಿನ ಫಿಲ್ಟರಿಗೆ ಹೊಸ ಕ್ಯಾಂಡಲ್, ಕಾಫಿ ಮಷೀನಿಗೆ ಅದೇ ಕಂಪನಿಯ ಕ್ಯಾಪ್ಸೂಲ್, ಮಾಪಿಗೆ ಅದರದ್ದೇ ರೀಫಿಲ್ ಬಟ್ಟೆ ಎಂದು ಖರ್ಚು ಶುರುವಾಗುತ್ತದೆ. ಕಂಪನಿಗೆ ಲಾಭ ಇರುವುದೂ ಅಲ್ಲೇ.

ಕರೆಂಟಿನ ಲೆಕ್ಕವನ್ನು ಬಿಡಿಸಿ ನೋಡೋಣ. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಬಿಟ್ಟಿ ಎಂದು ಅನೇಕರು ತಿಳಿದಿದ್ದಾರೆ. ಯೋಜನೆ ಶುರುವಾದಾಗ ಗೊತ್ತುಮಾಡಿದ್ದು ಆಯಾ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ 10. ಸರಾಸರಿ 90 ಯೂನಿಟ್ ಇದ್ದ ಮನೆಗೆ 99 ಯೂನಿಟ್ ಮಾತ್ರ ಉಚಿತ. ಅದರ ಮೇಲಿನದಕ್ಕೆ ದುಡ್ಡು ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ಲೇ ನಮ್ಮ ತಲೆಗೆ. 1,500 ವಾಟಿನ ಏರ್ ಫ್ರೈಯರ್ ದಿನಕ್ಕೆ ಅರ್ಧ ಗಂಟೆ ಎಡೆಬಿಡದೆ ಉರಿದರೆ ಮುಕ್ಕಾಲು ಯೂನಿಟ್, ತಿಂಗಳಿಗೆ 22 ಯೂನಿಟ್ ಚಿಲ್ಲರೆ. 90ರಲ್ಲಿದ್ದ ಮನೆ ಸೀದಾ 112ಕ್ಕೆ. ಬಿಟ್ಟಿ ಯಂತ್ರ ಬಂದು ಬಿಟ್ಟಿ ಕರೆಂಟಿನ ಮಿತಿಯನ್ನು ಮುರಿಯಿತು. ಎಣ್ಣೆ ಉಳಿಯುತ್ತದೆ, ಗ್ಯಾಸು ಉಳಿಯುತ್ತದೆ ಎಂಬುದು ಸುಳ್ಳಲ್ಲ. ಆದರೆ ದಿನಾ ಬೋಂಡ ಕರಿಯುವ ಮನೆಗೆ ಆಗುವಷ್ಟು ಉಳಿತಾಯ ಹಬ್ಬಕ್ಕೊಮ್ಮೆ ಬಾಣಲೆ ಇಡುವ ಮನೆಗೆ ಆಗುವುದಿಲ್ಲ.

ಆಟಿಕೆಗಳ ಮನೆಬೆಲೆ ಮಕ್ಕಳ ಕೈಯಲ್ಲಿದೆ. ದೀಪ ಮಿನುಗಿ ಹಾಡು ಹೇಳುವ ಪ್ಲಾಸ್ಟಿಕ್ ಗೊಂಬೆ ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ. ಸೆಲ್ ಮುಗಿದ ವಾರವೇ ಅದು ಮಂಚದ ಕೆಳಗೆ. ನಮ್ಮ ಮನೆಯಲ್ಲಿ ಹೆಚ್ಚು ಸವೆದಿರುವುದು ದುಡ್ಡು ಕೊಟ್ಟು ತಂದ ಚೌಕಾಬಾರದ ಹಾಸು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ನಡೆಸುವ 'ಕ್ರೀಡಾ ಕೌಶಲ್ಯ' ಪ್ರದರ್ಶನದಲ್ಲಿ ಮಗಳು ಹಟ ಹಿಡಿದು ಕೊಡಿಸಿಕೊಂಡದ್ದು.

ಆಟಿಕೆ ಬಿಟ್ಟಿ ಬಂದರೂ ಐಎಸ್‌ಐ ಗುರುತು ನೋಡದೆ ಮಗುವಿನ ಕೈಗೆ ಕೊಡಬೇಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಈ ಗುರುತು 2021ರ ಜನವರಿ 1ರಿಂದ ಕಡ್ಡಾಯ. ಗುರುತಿನ ಜೊತೆ ಇರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ನೋಂದಾಯಿತ ಕುಶಲಕರ್ಮಿಗಳು ಮಾಡಿದ, ಜಿಐ ಮಾನ್ಯತೆಯ ಚನ್ನಪಟ್ಟಣದಂಥ ಗೊಂಬೆಗಳಿಗೆ ವಿನಾಯಿತಿ ಇದೆ. ಹಾಗಾಗಿ ಹಾಲೆ ಮರದ, ಅರಗಿನ ಬಣ್ಣದ ಬುಗುರಿಯ ಮೇಲೆ ಐಎಸ್‌ಐ ಕಾಣದಿದ್ದರೆ ಗಾಬರಿ ಬೇಡ. ಬಟನ್ ಸೆಲ್ ಇರುವ ಆಟಿಕೆಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ನಾನು ಡಬ್ಬಿಯನ್ನು ಹಾಗೇ ತಿರುಗಿಸಿ ಕಳಿಸುತ್ತೇನೆ. ಮಗು ಅದನ್ನು ನುಂಗಿದರೆ ಆಗುವ ಅನಾಹುತಕ್ಕೆ ಯಾವ ಬೆಲೆಯೂ ಇಲ್ಲ.

ಬೇಡ ಎನ್ನಬೇಕಾದವು

ಎಳೆಮಕ್ಕಳ ತಾಯಂದಿರಿಗೆ ಬೇಗ ಬರುವ ಆಫರುಗಳೆಂದರೆ ಹಾಲಿನ ಪುಡಿ, ಸೀರಿಯಲ್, ಫೀಡಿಂಗ್ ಬಾಟಲಿ. ಇವುಗಳಿಗೆ ಕೈ ಹಾಕಲೇಬೇಡಿ. 1992ರಲ್ಲಿ ಬಂದು 2003ರಲ್ಲಿ ಬಿಗಿಯಾದ ಕಾನೂನಿನ ಪ್ರಕಾರ ಎರಡು ವರ್ಷದವರೆಗಿನ ಶಿಶುಗಳ ಆಹಾರ, ಬದಲಿ ಹಾಲು, ಫೀಡಿಂಗ್ ಬಾಟಲಿಗಳ ಜಾಹೀರಾತು ನಿಷಿದ್ಧ. ಅವುಗಳ ಮಾರಾಟ ಹೆಚ್ಚಿಸಲು ಬಿಟ್ಟಿ ಸ್ಯಾಂಪಲ್ ಹಂಚುವುದೂ ನಿಷಿದ್ಧ. ಜೈಲು ಶಿಕ್ಷೆಗೂ ಅವಕಾಶವಿದೆ.

ಇನ್ನೊಂದು, "ಮೊದಲು ನೀವೇ ಆರ್ಡರ್ ಮಾಡಿ, ಐದು ಸ್ಟಾರ್ ಹಾಕಿ, ಆಮೇಲೆ ಪೂರ್ತಿ ದುಡ್ಡು ವಾಪಸ್" ಎನ್ನುವ ಗುಂಪುಗಳು. ಮೊದಲು ಸಣ್ಣ ಮೊತ್ತ ವಾಪಸ್ ಬರುತ್ತದೆ, ನಂಬಿಕೆ ಬಂದ ಮೇಲೆ ದೊಡ್ಡ ಮೊತ್ತ ಮುಳುಗುತ್ತದೆ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಬಂದರೂ ಅದು ಸುಳ್ಳು ಹೇಳಿದ್ದಕ್ಕೆ ಸಿಕ್ಕ ಕೂಲಿ.

ಅಂಥ ಸುಳ್ಳು ಸಲ್ಲದು, ಏಕೆಂದರೆ ನಮ್ಮ ವಿಡಿಯೊ ನೋಡುವವರು ಬಿಟ್ಟಿ ತೆಗೆದುಕೊಳ್ಳುವುದಿಲ್ಲ, ದುಡ್ಡು ಕೊಟ್ಟು ಕೊಳ್ಳುತ್ತಾರೆ. ಟ್ಯೂಷನ್ನಿಗೆ ಬರುವ ಮಕ್ಕಳ ಅಮ್ಮಂದಿರು "ಮಿಸ್, ನೀವ್ ಹೇಳಿದ್ರಿ ಅಂತ ತಗೊಂಡೆ" ಎನ್ನುವಾಗ ಆ ದುಡ್ಡಿನ ಹೊಣೆ ಅರ್ಧ ನನ್ನದೂ ಆಗುತ್ತದೆ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಬಿಟ್ಟಿ ವಸ್ತು ಪಡೆದದ್ದನ್ನೂ ಎದ್ದು ಕಾಣುವಂತೆ ಹೇಳಬೇಕೆಂದು ನಿಯಮ ಮಾಡಿತು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿತು. ದಾರಿ ತಪ್ಪಿಸುವ ಶಿಫಾರಸು ಮಾಡಿದವರಿಗೆ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು. ನಾನು ವಿಡಿಯೊದ ಮೊದಲಲ್ಲೇ "ಇದು ನನಗೆ ಬಿಟ್ಟಿ ಬಂದದ್ದು" ಎಂದು ಕನ್ನಡದಲ್ಲಿ ಹೇಳಿಬಿಡುತ್ತೇನೆ. ಆ ಮಾತು ತೆಗೆಯಿರಿ ಎಂದು ಕೇಳಿದ ಕಂಪನಿಗಳ ಜೊತೆ ಮತ್ತೆ ವ್ಯವಹಾರವಿಲ್ಲ.

ಮಗುವಿನ ಪಾಲು

ಆಟಿಕೆಯ ವಿಡಿಯೊದಲ್ಲಿ ದುಡಿಯುವುದು ಮಗು. ಸಿನಿಮಾ, ಧಾರಾವಾಹಿ, ಜಾಹೀರಾತಿನಲ್ಲಿ ನಟಿಸುವ ಮಕ್ಕಳ ಗಳಿಕೆಯಲ್ಲಿ ಕನಿಷ್ಠ ಶೇ 20ನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು ಎನ್ನುತ್ತವೆ 2017ರ ನಿಯಮಗಳು. ಮನೆಯೊಳಗೆ ಯಾರೂ ಬಂದು ಪರಿಶೀಲಿಸುವುದಿಲ್ಲ. ಆದರೂ ಮಗಳು ಕಾಣಿಸಿಕೊಂಡ ಪ್ರತಿ ವಿಡಿಯೊಗೂ ಆಟಿಕೆಯ ಮನೆಬೆಲೆಯ ಐದನೇ ಒಂದು ಭಾಗವನ್ನು, ನಗದು ಬಂದಿದ್ದರೆ ಅದರದ್ದೂ ಅಷ್ಟೇ ಭಾಗವನ್ನು, ಅವಳ ಸುಕನ್ಯಾ ಸಮೃದ್ಧಿ ಖಾತೆಗೆ ಕಟ್ಟುತ್ತೇನೆ. ವರ್ಷಕ್ಕೆ ₹250 ಕಟ್ಟಿದರೂ ಆ ಖಾತೆ ಜೀವಂತವಿರುತ್ತದೆ. "ಬೇಡಮ್ಮ, ಇವತ್ತು ಶೂಟಿಂಗ್ ಬೇಡ" ಎಂದು ಅವಳು ಅಂದ ದಿನ ಶೂಟಿಂಗ್ ಇಲ್ಲ.

ಈ ಮೂರು ಬೆಲೆಗಳನ್ನು ಒಂದೇ ಪ್ರಶ್ನೆಗೆ ಇಳಿಸಬಹುದು. ಹೊಸ ಆಫರ್ ಬಂದಾಗ ಕಂಪನಿಗೆ ಹೀಗೆ ಬರೆಯಿರಿ: "ವಸ್ತು ವಾಪಸ್ ಕೊಡುತ್ತೇನೆ. ಅದರ ಮಾರಾಟದ ಬೆಲೆಯ ಅರ್ಧ ನಗದಾಗಿ ಕೊಡುತ್ತೀರಾ?" ಅರ್ಧ ನಗದೇ ಮೇಲು ಎಂದು ನಿಮ್ಮ ಮನಸ್ಸಿಗೆ ಅನ್ನಿಸಿದರೆ ಆ ವಸ್ತುವಿನ ಮನೆಬೆಲೆ ಅರ್ಧಕ್ಕೂ ಕಮ್ಮಿ. ಪೂರ್ತಿ ವಸ್ತು ಕೊಡಲು ಸಿದ್ಧವಿದ್ದವರು ಅರ್ಧ ದುಡ್ಡು ಕೊಡಲು ಹಿಂದೆಗೆದರೆ, ಡಬ್ಬಿಯ ಮೇಲಿನ ಅಂಕಿಯನ್ನು ಅವರೂ ನಂಬಿಲ್ಲ ಎಂದೇ ಲೆಕ್ಕ. ನೀವೂ ನಂಬಬೇಡಿ.