ಒಂಟಿ, ಏಕಾಂಗಿ, ಏಕಾಂತ: ಕೆಲವು ಪದಗಳ ಅರ್ಥಚ್ಛಾಯೆ

ಒಂಟಿ, ಒಬ್ಬಂಟಿ, ಏಕಾಂಗಿ, ಏಕಾಕಿ ಎಂಬ ಪದಗಳಲ್ಲಿ ಒಂದರ ಅರ್ಥವನ್ನು ಇನ್ನೊಂದರಿಂದ ವಿವರಿಸುವುದು ನಿಘಂಟುಗಳ ವಾಡಿಕೆ. ಇದರಿಂದ ಇವೆಲ್ಲ ಸಮಾನಾರ್ಥಕಗಳೆಂಬ ಭಾವನೆ ಮೂಡುತ್ತದೆ. ಆದರೆ ಬಳಕೆಯಲ್ಲಿ ಒಂದರ ಸ್ಥಾನವನ್ನು ಇನ್ನೊಂದು ತುಂಬಲಾರದು. ಪ್ರತಿಯೊಂದು ಪದವೂ ಯಾವುದರ ಅಭಾವವನ್ನು ಸೂಚಿಸುತ್ತದೆ ಎಂದು ಕೇಳಿಕೊಂಡಾಗ ಇವುಗಳ ನಡುವಿನ ಅಂತರ ಸ್ಪಷ್ಟವಾಗುತ್ತದೆ.

‘ಒಂಟಿ’ಯು ‘ಒಂದು’ ಎಂಬುದಕ್ಕೆ ಸಂಬಂಧಿಸಿದ ದ್ರಾವಿಡ ಪದ; ತೆಲುಗಿನ ‘ಒಂಟರಿ’ ಇದರ ಜ್ಞಾತಿಪದ. ಒಂಟಿ ಮರ, ಒಂಟಿ ಮನೆ, ಒಂಟಿ ಕಣ್ಣು, ಒಂಟಿ ಎತ್ತು ಎಂಬಲ್ಲೆಲ್ಲ ಇರಬೇಕಾದ ಜೋಡಿಯೋ ನೆರೆಯೋ ಇಲ್ಲವೆಂಬುದು ಮುಖ್ಯ. ಆದ್ದರಿಂದ ಇದರ ವಿರುದ್ಧಪದ ‘ಜೋಡಿ’ ಅಥವಾ ‘ಜೊತೆ’. ಮರುಕವು ಈ ಪದದ ಸಹಜಾರ್ಥವಲ್ಲ. ಹಿಂಡಿನಿಂದ ಬೇರೆಯಾಗಿ ತಿರುಗುವ ‘ಒಂಟಿ ಸಲಗ’ ಕನಿಕರಕ್ಕಿಂತ ಭಯವನ್ನೇ ಹುಟ್ಟಿಸುತ್ತದೆ. ‘ತನ’ ಪ್ರತ್ಯಯ ಸೇರಿ ‘ಒಂಟಿತನ’ವಾದಾಗ ಹೊರಗಿನಿಂದ ಕಂಡ ಸ್ಥಿತಿಯು ಒಳಗಿನ ಅನುಭವವಾಗಿ ಮಾರ್ಪಡುತ್ತದೆ. ‘ಒಬ್ಬಂಟಿ’ಯಾದರೋ ಮಾನವವಾಚಿಯಾದ ‘ಒಬ್ಬ’ನನ್ನು ಒಳಗೊಂಡಿರುವುದರಿಂದ ಮನುಷ್ಯರಿಗೆ ಸಲ್ಲುತ್ತದೆ, ‘ಒಬ್ಬಂಟಿ ಮರ’ ಎಂಬುದು ರೂಪಕವಾಗಿ ಮಾತ್ರ ಸಾಧ್ಯ.

‘ಏಕಾಂಗಿ’ಯಲ್ಲಿ ಇಲ್ಲದಿರುವುದು ಬೆಂಬಲ. ‘ಏಕಾಂಗಿಯಾಗಿ ಹೋರಾಡಿದನು’ ಎಂಬಲ್ಲಿ ಕ್ರಿಯೆಯೂ ಕರ್ತೃವಿನ ಸಾಮರ್ಥ್ಯವೂ ಮುಂದಾಗುತ್ತವೆ. ‘ಒಂಟಿಯಾಗಿ ಹೋರಾಡಿದನು’ ಎಂದರೆ ಆ ಕಸುವು ತಗ್ಗುತ್ತದೆ. ರನ್ನನ ಗದಾಯುದ್ಧದ ದುರ್ಯೋಧನನು ರಣಭೂಮಿಯಲ್ಲಿ ನಡೆಯುವಾಗ ಸಂಜಯನು ಜೊತೆಯಲ್ಲಿದ್ದಾನೆ. ಸಂಖ್ಯೆಯ ದೃಷ್ಟಿಯಿಂದ ಆತ ಒಬ್ಬಂಟಿಯಲ್ಲ. ಪಕ್ಷದ ಮಹಾವೀರರೂ ತಮ್ಮಂದಿರೂ ಅಳಿದಿರುವುದರಿಂದ ಏಕಾಂಗಿ.

‘ತಬ್ಬಲಿ’ಯಲ್ಲಿ ಇಲ್ಲವಾಗುವುದು ತಾಯಿ, ಆ ಮೂಲಕ ಆಶ್ರಯ. ಪುಣ್ಯಕೋಟಿಯ ಕಥೆಯ ಕರುವಿನ ಸುತ್ತ ದೊಡ್ಡಿಯ ಹಸುಗಳೆಲ್ಲ ಇವೆ. ಆದರೂ ತಾಯಿ ಹೋದರೆ ಅದು ತಬ್ಬಲಿ. ‘ಪರದೇಶಿ’ ಪದದ ಅರ್ಥಪಲ್ಲಟವೂ ಇಲ್ಲಿ ಗಮನಾರ್ಹ. ಬೇರೆ ನಾಡಿನವನು ಎಂಬ ಮೂಲಾರ್ಥವು ಆಡುಮಾತಿನಲ್ಲಿ ದಿಕ್ಕಿಲ್ಲದವನು ಎಂದಾಗಿದೆ. ನೆಲದ ನಂಟು ತಪ್ಪುವುದೆಂದರೆ ಜನದ ನಂಟು ತಪ್ಪುವುದೆಂಬ ಸಮಾಜದ ಅನುಭವ ಇದರ ಹಿಂದಿದೆ.

ಇವೆಲ್ಲಕ್ಕಿಂತ ಭಿನ್ನವಾದುದು ‘ಏಕಾಂತ’. ಇಲ್ಲಿ ಇಲ್ಲದಿರುವುದು ಅನ್ಯರ ಪ್ರವೇಶ, ಅದು ಕೊರತೆಯಲ್ಲ. ಸಂಖ್ಯೆಯೂ ಇದಕ್ಕೆ ಮುಖ್ಯವಲ್ಲ. ಇಬ್ಬರು ‘ಏಕಾಂತದಲ್ಲಿ ಮಾತನಾಡಿದರು’ ಎನ್ನಬಹುದು. ಒಂಟಿತನದಲ್ಲಿ ಮಾತನಾಡಿದರು ಎನ್ನಲಾಗದು. ‘ಒಂದೇ ಕೊನೆ, ಒಂದೇ ಗುರಿ’ ಎಂಬ ಮೂಲಾರ್ಥದಿಂದ ಈ ಪದ ಎರಡು ದಾರಿಗಳಲ್ಲಿ ಸಾಗಿದೆ. ಅಬ್ಬಲೂರಿನ ಶಾಸನ ವರ್ಣಿಸುವ ಏಕಾಂತದ ರಾಮಯ್ಯನ ಹೆಸರಿನಲ್ಲಿ ಅದು ಏಕನಿಷ್ಠೆಯ ಭಕ್ತಿಯನ್ನು ಸೂಚಿಸುತ್ತದೆ. ಆತನ ಪ್ರಸಿದ್ಧಿಗೆ ಕಾರಣವಾದ ಪವಾಡವಾದರೋ ಜನರ ಸಮಕ್ಷಮದ್ದು. ಜೈನ ಪರಿಭಾಷೆಯಲ್ಲಿ ಅದೇ ಪದ ಏಕಪಕ್ಷೀಯ ದೃಷ್ಟಿ ಎಂಬ ದೋಷಾರ್ಥ ಪಡೆದು, ಅನೇಕಾಂತಕ್ಕೆ ಎದುರಾಗಿ ನಿಂತಿದೆ. ಇಂದಿನ ಕನ್ನಡದಲ್ಲಿ ಇದಕ್ಕೆ ಎದುರಾಗಿರುವುದು ‘ಲೋಕಾಂತ’.

ಜೊತೆಗೂಡುವ ಕ್ರಿಯಾಪದಗಳೂ ಈ ಭೇದವನ್ನು ಸಮರ್ಥಿಸುತ್ತವೆ. ಒಂಟಿತನ ‘ಕಾಡುತ್ತದೆ’, ಅದನ್ನು ‘ನೀಗಬೇಕು’. ಏಕಾಂತವನ್ನು ‘ಬಯಸುತ್ತಾರೆ’, ಅದು ‘ಸಿಗುತ್ತದೆ’, ಅದಕ್ಕೆ ‘ಭಂಗ’ ಬರುತ್ತದೆ. ಒಂಟಿತನಕ್ಕೆ ಭಂಗ ಬಂದಿತೆಂದು ಯಾರೂ ಹೇಳರು.

ಈ ವಿವೇಚನೆ ಕೇವಲ ಶಬ್ದಕುತೂಹಲವಲ್ಲ. 1860ರ ಭಾರತೀಯ ದಂಡಸಂಹಿತೆಯ 73ನೆಯ ಕಲಮು ಕೈದಿಯನ್ನು ಇತರರಿಂದ ಬೇರ್ಪಡಿಸಿಡುವ ಶಿಕ್ಷೆಗೆ ಒಟ್ಟು ಮೂರು ತಿಂಗಳ ಮಿತಿ ವಿಧಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 11ನೆಯ ಕಲಮಿನಲ್ಲಿಯೂ ಆ ಮಿತಿ ಉಳಿದಿದೆ. ಮಿತಿ ಹಾಕಬೇಕಾದಷ್ಟು ಕಠಿಣವಾದ ಈ ಶಿಕ್ಷೆಯನ್ನು ಕನ್ನಡ ಬರಹಗಳಲ್ಲಿ ‘ಏಕಾಂತ ಸೆರೆವಾಸ’ ಎಂದು ಕರೆಯುವುದುಂಟು. ಸಾಧಕನೂ ಕವಿಯೂ ಬಯಸಿ ಪಡೆಯುವುದರ ಹೆಸರು ಇಲ್ಲಿ ಬಲವಂತದ ಯಾತನೆಗೆ ಅಂಟಿ, ಅದರ ಕ್ರೌರ್ಯವನ್ನು ಮರೆಮಾಡುತ್ತದೆ. ‘ಒಂಟಿಸೆರೆ’ ಎಂಬುದು ಹೆಚ್ಚು ಸತ್ಯವಾದ ಮಾತು. ಇದಕ್ಕೆ ವಿರುದ್ಧವಾಗಿ, ‘ಒಂಟಿ ಮಹಿಳೆ’ ಎಂಬ ಆಡಳಿತದ ಪ್ರಯೋಗವು ವಿಧವೆ, ಪರಿತ್ಯಕ್ತೆ, ಸ್ವ-ಇಚ್ಛೆಯಿಂದ ಮದುವೆಯಾಗದವಳು ಎಲ್ಲರನ್ನೂ ಒಂದುಗೂಡಿಸಿ, ಆಯ್ಕೆಯನ್ನೂ ಕೊರತೆಯೆಂದೇ ಎಣಿಸುತ್ತದೆ. ಏಕೆಂದರೆ ಒಂಟಿ ಎಂಬ ಪದ ಜೋಡಿಯನ್ನು ಮೊದಲೇ ಭಾವಿಸಿಕೊಂಡಿರುತ್ತದೆ.

ಹೀಗೆ ಜೊತೆಯಿಲ್ಲದ ಸ್ಥಿತಿ, ಬೆಂಬಲವಿಲ್ಲದ ಸ್ಥಿತಿ, ಆಶ್ರಯವಿಲ್ಲದ ಸ್ಥಿತಿ ಹಾಗೂ ಬಯಸಿ ಪಡೆದ ಬಿಡುವು ಎಂಬ ನಾಲ್ಕು ನೆಲೆಗಳನ್ನು ಕನ್ನಡ ಬೇರೆಬೇರೆಯಾಗಿ ಗುರುತಿಸಿದೆ. ನಿಘಂಟುಗಳು ಸಮಾನಾರ್ಥಕಗಳ ಪಟ್ಟಿಯೊಡನೆ ಆಯಾ ಪದದ ವಿರುದ್ಧಪದವನ್ನೂ ಅದರೊಡನೆ ಬರುವ ಕ್ರಿಯಾಪದಗಳನ್ನೂ ಕೊಡುವುದಾದರೆ, ಬೋಧಕರಿಗೂ ಅನುವಾದಕರಿಗೂ ಈ ವಿವೇಕ ಸುಲಭವಾಗಿ ಒದಗುತ್ತದೆ.