ನೀರಿಗಿಂತ ಮೊದಲು ಸುದ್ದಿ: ಮನೆಯ ಕಂಪ್ಯೂಟರ್‌ನಲ್ಲಿ ಪ್ಯಾಕೆಟ್ ರೇಡಿಯೊ

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದೊಳಗೆ ನೀರು ಬಂದದ್ದು ನಮ್ಮಲ್ಲಿ ಎಲ್ಲರಿಗೂ ನೆನಪಿದೆ. ಲೋಳಸೂರ ಸೇತುವೆ ಮುಳುಗಿತ್ತು. ನಾನು ಆಗ ಐದನೆಯ ತರಗತಿ. ಮೂಡಲಗಿ ಕಡೆಯ ನದಿ ದಂಡೆಯ ಹಳ್ಳಿಯಲ್ಲಿದ್ದ ನನ್ನ ಮಾಮು ಅವರಿಗೆ ಎರಡು ದಿನ ಫೋನ್ ಹತ್ತಲಿಲ್ಲ. ಅಮ್ಮಿ ಊಟವನ್ನೇ ಮಾಡಲಿಲ್ಲ. ಮೂರನೆಯ ದಿನ ಆ ಊರಿನ ಮಾಸ್ತರರೊಬ್ಬರು ಯಾರದೋ ಫೋನಿನಿಂದ ತಿಳಿಸಿದ್ದು ಇಷ್ಟೇ: "ಎಲ್ಲರೂ ಶಾಲೆಯಲ್ಲಿದ್ದಾರೆ, ಕ್ಷೇಮ."

ಮೂರು ಪದ ನಮ್ಮ ಮನೆ ಮುಟ್ಟಲು ಎರಡು ದಿನ ಏಕೆ ಬೇಕಾಯಿತು? ಮೊಬೈಲ್ ಫೋನು ಒಂದು ಸರಪಳಿಯನ್ನು ನಂಬಿದೆ. ಟವರ್‌ಗೆ ಕರೆಂಟ್ ಬೇಕು, ಅದು ಹೋದರೆ ಬ್ಯಾಟರಿ, ಅದೂ ಮುಗಿದರೆ ಡೀಸೆಲ್. ಟವರ್‌ನಿಂದ ಮುಂದೆ ಕೇಬಲ್ ಸರಿ ಇರಬೇಕು. ಕೈಯಲ್ಲಿರುವ ಫೋನಿಗೂ ಚಾರ್ಜ್ ಇರಬೇಕು. ಒಂದು ಕೊಂಡಿ ಕಳಚಿದರೂ ಮಾತು ನಿಂತಿತು. ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ಸಿಕ್ಕ ವಿಷಯವೇ ಪ್ಯಾಕೆಟ್ ರೇಡಿಯೊ.

ಪ್ಯಾಕೆಟ್ ರೇಡಿಯೊ ಎಂದರೇನು?

ಬರೆದ ಸಂದೇಶವನ್ನು ಕಂಪ್ಯೂಟರ್ ಸಣ್ಣ ಪೊಟ್ಟಣ ಮಾಡುತ್ತದೆ. ಅದನ್ನು ಶಬ್ದವಾಗಿ ಬದಲಿಸಿ ರೇಡಿಯೊ ಮೂಲಕ ಕಳಿಸುತ್ತದೆ. ಆ ಕಡೆಯ ಕಂಪ್ಯೂಟರ್ ಶಬ್ದವನ್ನು ಕೇಳಿ ಮತ್ತೆ ಅಕ್ಷರ ಮಾಡುತ್ತದೆ. ನಡುವೆ ಟವರ್ ಇಲ್ಲ, ಇಂಟರ್ನೆಟ್ ಇಲ್ಲ. 1971ರಲ್ಲಿ ಹವಾಯಿ ದ್ವೀಪಗಳ ನಡುವೆ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು 'ಅಲೋಹಾನೆಟ್' ಮೂಲಕ ಇದು ಸಾಧ್ಯ ಎಂದು ತೋರಿಸಿದರು. 1978ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಹವ್ಯಾಸಿಗಳು ಅಂದರೆ ಹ್ಯಾಮ್‌ಗಳು ಇದನ್ನು ತಮ್ಮ ರೇಡಿಯೊಗಳಿಗೆ ತಂದರು. ಹ್ಯಾಮ್‌ಗಳು ಬಳಸುವ ಪೊಟ್ಟಣದ ನಿಯಮಕ್ಕೆ ಎಎಕ್ಸ್.25 ಎಂದು ಹೆಸರು.

ಬೇಕಾಗುವ ಸಾಮಾನು

1. ಕಂಪ್ಯೂಟರ್. ಹಳೆಯದಾದರೂ ಸಾಕು. ಮೈಕ್ ಮತ್ತು ಸ್ಪೀಕರ್ ತೂತು ಕೆಲಸ ಮಾಡುತ್ತಿರಬೇಕು.
2. ಮೋಡೆಮ್. ಹಿಂದೆ ಇದಕ್ಕೆ ಟಿಎನ್‌ಸಿ ಎಂಬ ಪ್ರತ್ಯೇಕ ಪೆಟ್ಟಿಗೆ ಕೊಳ್ಳಬೇಕಿತ್ತು. ಈಗ 'ಡೈರ್‌ವುಲ್ಫ್' ಎಂಬ ಉಚಿತ ತಂತ್ರಾಂಶ ಸೌಂಡ್ ಕಾರ್ಡ್ ಬಳಸಿ ಅದೇ ಕೆಲಸ ಮಾಡುತ್ತದೆ.
3. ವಿಎಚ್‌ಎಫ್ ರೇಡಿಯೊ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ 144ರಿಂದ 146 ಮೆಗಾಹರ್ಟ್ಸ್ ಇದೆ.
4. ಕಂಪ್ಯೂಟರ್ ಮತ್ತು ರೇಡಿಯೊ ಜೋಡಿಸುವ ಕೇಬಲ್. ಕಳಿಸುವಾಗ ರೇಡಿಯೊದ ಬಟನ್ ಒತ್ತಿದಂತೆ ಮಾಡುವ ತಂತಿಯೂ ಇದರಲ್ಲಿರಬೇಕು.
5. ಆಂಟೆನಾ. 145 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 2 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು ಅರ್ಧ ಮೀಟರ್ ಕಡ್ಡಿ ಸಾಕು. ಉದ್ದಕ್ಕಿಂತ ಅದನ್ನು ಎಷ್ಟು ಎತ್ತರದಲ್ಲಿ ಕಟ್ಟಿದ್ದೇವೆ ಎಂಬುದು ಮುಖ್ಯ.
6. 12 ವೋಲ್ಟ್ ಬ್ಯಾಟರಿ. ಟ್ರ್ಯಾಕ್ಟರ್ ಬ್ಯಾಟರಿ ನಮ್ಮ ಹಳ್ಳಿಗಳಲ್ಲಿ ಸಿಗದ ವಸ್ತುವಲ್ಲ.

ಪೊಟ್ಟಣದೊಳಗೆ ಏನಿದೆ?

ಮೊದಲು ಯಾರಿಗೆ, ಯಾರಿಂದ ಎಂಬ ವಿಳಾಸ, 14 ಬೈಟ್. ನಂತರ ಇದು ಯಾವ ಬಗೆಯ ಪೊಟ್ಟಣ ಎಂದು ಹೇಳುವ 2 ಬೈಟ್. ನಂತರ ಸಂದೇಶ. ಕೊನೆಗೆ ತಪ್ಪು ಹಿಡಿಯುವ 2 ಬೈಟ್. ಎರಡೂ ತುದಿಗೆ ಒಂದೊಂದು ಬೈಟ್‌ನ ಗುರುತು.

ತಪ್ಪು ಹಿಡಿಯುವ ಭಾಗ ನಮ್ಮ ವಾಣಿಜ್ಯ ವಿಭಾಗದವರಿಗೆ ಬೇಗ ಅರ್ಥವಾಗುತ್ತದೆ. ಕಳಿಸುವವನು ಇಡೀ ಪೊಟ್ಟಣಕ್ಕೆ ಲೆಕ್ಕ ಹಾಕಿ ಒಂದು ಸಂಖ್ಯೆ ಬರೆಯುತ್ತಾನೆ. ಪಡೆಯುವವನು ಅದೇ ಲೆಕ್ಕ ಮತ್ತೆ ಹಾಕುತ್ತಾನೆ. ಎರಡೂ ತಾಳೆಯಾಗದಿದ್ದರೆ ಪೊಟ್ಟಣವನ್ನು ಬಿಸಾಡುತ್ತಾನೆ. ಟ್ರಯಲ್ ಬ್ಯಾಲೆನ್ಸ್ ಇದ್ದಂತೆ. ಆದರೆ ತಪ್ಪು ಖಾತೆಗೆ ಡೆಬಿಟ್ ಮಾಡಿದರೆ ಟ್ರಯಲ್ ಬ್ಯಾಲೆನ್ಸ್‌ಗೆ ಗೊತ್ತಾಗುವುದಿಲ್ಲ. ಈ ಲೆಕ್ಕ ಅದಕ್ಕಿಂತ ಚುರುಕು, ಎರಡು ಅಕ್ಷರ ಅದಲು ಬದಲಾದರೂ ಹಿಡಿಯುತ್ತದೆ.

ಇವೆಲ್ಲ ಎರಡೇ ಸ್ವರಗಳಲ್ಲಿ ಹೋಗುತ್ತವೆ: 1200 ಹರ್ಟ್ಸ್ ಮತ್ತು 2200 ಹರ್ಟ್ಸ್. ಸ್ವರ ಬದಲಾದರೆ ಸೊನ್ನೆ, ಬದಲಾಗದಿದ್ದರೆ ಒಂದು. ವೇಗ ಸೆಕೆಂಡಿಗೆ 1200 ಬಿಟ್.

ಈಗ ಮಾಸ್ತರರ ಸಂದೇಶವನ್ನೇ ಲೆಕ್ಕ ಹಾಕೋಣ. ಯೂನಿಕೋಡ್‌ನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ, ಒತ್ತು, ಕಾಗುಣಿತದ ಗುರುತಿಗೆ 3 ಬೈಟ್ ಬೇಕು. ನಮ್ಮ ಮನೆಯ ಉರ್ದುವಿನ ಅಕ್ಷರಕ್ಕೆ 2, ಇಂಗ್ಲಿಷ್‌ಗೆ 1. "ಎಲ್ಲರೂ ಶಾಲೆಯಲ್ಲಿದ್ದಾರೆ, ಕ್ಷೇಮ" ಎಂಬುದರಲ್ಲಿ ಇಂಥ 26 ಗುರುತುಗಳಿವೆ, 78 ಬೈಟ್. ಅಲ್ಪವಿರಾಮ ಮತ್ತು ಎರಡು ಖಾಲಿ ಜಾಗ ಸೇರಿ 81. ವಿಳಾಸ ಇತ್ಯಾದಿ 20 ಸೇರಿಸಿದರೆ 101 ಬೈಟ್, ಅಂದರೆ 808 ಬಿಟ್. ಇದನ್ನು 1200ರಿಂದ ಭಾಗಿಸಿದರೆ ಸುಮಾರು 0.67 ಸೆಕೆಂಡ್. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೆ ಸುಮಾರು ಅದರ ಅರ್ಧ. ನಮ್ಮ ಮನೆ ಎರಡು ದಿನ ಕಾದ ಸುದ್ದಿಯ ಉದ್ದ ಒಂದು ಸೆಕೆಂಡ್ ಕೂಡ ಇಲ್ಲ.

ಹುಕ್ಕೇರಿ, ಗೋಕಾಕ, ಮೂಡಲಗಿ

ಹಿಡಕಲ್ ಜಲಾಶಯ ಹುಕ್ಕೇರಿ ತಾಲೂಕಿನಲ್ಲಿದೆ. ಅಲ್ಲಿಂದ ಬಿಟ್ಟ ನೀರು ಗೋಕಾಕ ದಾಟಿ ಮೂಡಲಗಿ ತಾಲೂಕಿನ ಹಳ್ಳಿಗಳ ಕಡೆ ಹೋಗುತ್ತದೆ. ಸುದ್ದಿಯೂ ಇದೇ ದಾರಿಯಲ್ಲಿ, ನೀರಿಗಿಂತ ಮೊದಲು ಹೋಗಬೇಕು.

ವಿಎಚ್‌ಎಫ್ ಅಲೆ ಹೆಚ್ಚು ಕಡಿಮೆ ನೇರವಾಗಿ ಚಲಿಸುತ್ತದೆ. ಗುಡ್ಡ ಅಡ್ಡ ಬಂದರೆ ಹುಕ್ಕೇರಿಯ ಮಾತು ಮೂಡಲಗಿಗೆ ಕೇಳದು. ಆದ್ದರಿಂದ ಗೋಕಾಕದ ಗುಡ್ಡದ ಮೇಲೆ ಒಂದು ಸ್ಟೇಷನ್ ಇಟ್ಟು, ಕೇಳಿದ ಪೊಟ್ಟಣವನ್ನು ಮತ್ತೆ ಕಳಿಸುವಂತೆ ಮಾಡಬಹುದು. ಇದಕ್ಕೆ ಡಿಜಿಪೀಟರ್ ಎನ್ನುತ್ತಾರೆ. ಇಲ್ಲೊಂದು ತೊಡಕಿದೆ. ಹುಕ್ಕೇರಿ ಮತ್ತು ಮೂಡಲಗಿ ಒಂದಕ್ಕೊಂದು ಕೇಳುವುದಿಲ್ಲ, ಹಾಗಾಗಿ ಎರಡೂ ಒಮ್ಮೆಲೇ ಕಳಿಸಿದರೆ ಗೋಕಾಕದಲ್ಲಿ ಎರಡೂ ಕೆಡಬಹುದು. ಪರಿಹಾರ: ಚಿಕ್ಕ ಪೊಟ್ಟಣ, ಮತ್ತು ತಲುಪಿದ್ದಕ್ಕೆ ಮರು ಉತ್ತರ. ರಿಜಿಸ್ಟರ್ ಅಂಚೆಯ ಸ್ವೀಕೃತಿ ಚೀಟಿಯಂತೆ. ಉತ್ತರ ಬಾರದಿದ್ದರೆ ಸ್ವಲ್ಪ ತಡೆದು ಮತ್ತೆ ಕಳಿಸುವುದು.

ರೇಡಿಯೊ ಇಲ್ಲದೆ ಅಭ್ಯಾಸ

ಲೈಸೆನ್ಸ್ ಇಲ್ಲದೆ ರೇಡಿಯೊದಲ್ಲಿ ಕಳಿಸುವುದು ಅಪರಾಧ. ಆದ್ದರಿಂದ ನಾನು ಇದನ್ನು ಕಲಿತದ್ದು ರೇಡಿಯೊ ಇಲ್ಲದೆ. ಡೈರ್‌ವುಲ್ಫ್ ಜೊತೆಯಲ್ಲೇ ಪೊಟ್ಟಣವನ್ನು ಶಬ್ದದ ಫೈಲ್ ಮಾಡಿಕೊಡುವ ಸಣ್ಣ ತಂತ್ರಾಂಶ ಬರುತ್ತದೆ. ಆ ಫೈಲನ್ನು ಅಬ್ಬಾ ಅವರ ಫೋನಿಗೆ ಹಾಕಿ, ಕಂಪ್ಯೂಟರ್ ಮೈಕ್ ಮುಂದೆ ನುಡಿಸಿದೆ. ಕರ್ರ್ ಎಂಬ ಸದ್ದು ಬಂತು, ಆದರೆ ಪರದೆಯ ಮೇಲೆ ಏನೂ ಇಲ್ಲ. ಮೂರು ಸಂಜೆ ಹೀಗೇ ಹೋಯಿತು. ಕೊನೆಗೆ ಗೊತ್ತಾಯಿತು: ಕಂಪ್ಯೂಟರ್‌ನ 'ಗದ್ದಲ ತಗ್ಗಿಸುವ' ಸೆಟ್ಟಿಂಗ್ ನನ್ನ ಪೊಟ್ಟಣವನ್ನೇ ಗದ್ದಲ ಎಂದು ತಿಳಿದು ಅಳಿಸುತ್ತಿತ್ತು. ಅದನ್ನು ಬಂದ್ ಮಾಡಿದ ಕೂಡಲೇ ಅಕ್ಷರ ಬಂದವು.

ಎರಡನೆಯ ಪಾಠ ಧ್ವನಿಯ ಮಟ್ಟ. ಜೋರಾಗಿಟ್ಟರೆ ಚೆನ್ನಾಗಿ ಕೇಳುತ್ತದೆ ಎಂದುಕೊಂಡಿದ್ದೆ. ಹೆಚ್ಚಾದರೆ ಸ್ವರ ಒಡೆದು ಪೊಟ್ಟಣ ಕೆಡುತ್ತದೆ. ಡೈರ್‌ವುಲ್ಫ್ ತೋರಿಸುವ ಮಟ್ಟ 50ರ ಆಸುಪಾಸು ಇರಲಿ. ಅಡುಗೆಮನೆಯಲ್ಲಿ ಮಿಕ್ಸರ್ ಹಾಕಿಸಿ ಪ್ರಯೋಗ ಮಾಡಿ ನೋಡಿ. ಕೆಲವು ಪೊಟ್ಟಣ ಕಳೆದುಹೋಗುತ್ತವೆ. ಆದರೆ ತಾಳೆ ನೋಡುವ ಆ 2 ಬೈಟ್ ಇರುವುದರಿಂದ ತಪ್ಪು ಅಕ್ಷರ ಪರದೆಗೆ ಬರುವುದು ತೀರಾ ಅಪರೂಪ. ಪ್ರವಾಹದ ಸುದ್ದಿಯಲ್ಲಿ ಇದು ದೊಡ್ಡ ಮಾತು. ಸುದ್ದಿ ಬಾರದಿದ್ದರೆ ಮತ್ತೆ ಕೇಳಬಹುದು, ತಪ್ಪು ಸುದ್ದಿಯನ್ನು ಜನ ನಂಬಿಬಿಡುತ್ತಾರೆ.

ಲೈಸೆನ್ಸ್ ಮತ್ತು ಮುಂದಿನ ದಾರಿ

ಹ್ಯಾಮ್ ಪರೀಕ್ಷೆಗೆ 12 ವರ್ಷ ತುಂಬಿದವರು ಕೂರಬಹುದು. ವಿಜ್ಞಾನ ವಿಭಾಗವೇ ಆಗಬೇಕೆಂದಿಲ್ಲ. ಕೇಂದ್ರ ಸಂಪರ್ಕ ಸಚಿವಾಲಯದ ಡಬ್ಲ್ಯುಪಿಸಿ ವಿಭಾಗ ಲೈಸೆನ್ಸ್ ಕೊಡುತ್ತದೆ. ರೇಡಿಯೊ ತತ್ವ ಮತ್ತು ನಿಯಮಗಳು ಎಂಬ ಎರಡು ಭಾಗ ಇರುತ್ತವೆ. ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಬೇಕಿಲ್ಲ. ಆನ್‌ಲೈನ್‌ನಲ್ಲಿ ವಾಕಿಟಾಕಿ ಅಗ್ಗಕ್ಕೆ ಕಂಡರೂ ಲೈಸೆನ್ಸ್‌ಗೆ ಮೊದಲು ಕೊಳ್ಳಬೇಡಿ. ಇನ್ನೊಂದು ನಿಯಮ ನನಗೆ ನಗು ತರಿಸಿತು: ಹ್ಯಾಮ್ ರೇಡಿಯೊದಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ. ಗುಪ್ತ ಸಂಕೇತದಲ್ಲಿಯೂ ಮಾತಾಡುವಂತಿಲ್ಲ, ಎಲ್ಲವೂ ಎಲ್ಲರಿಗೂ ತೆರೆದೇ ಇರಬೇಕು.

ವಿದ್ಯಾರ್ಥಿಗಳಿಂದ ಇದು ಆಗುತ್ತದೆಯೇ ಎಂದು ಕೇಳುವವರಿಗೆ ಒಂದು ಉದಾಹರಣೆ. 2010ರ ಜುಲೈ 12ರಂದು ಇಸ್ರೊ ಹಾರಿಸಿದ 'ಸ್ಟಡ್‌ಸ್ಯಾಟ್' ಒಂದು ಕಿಲೋಗ್ರಾಂಗಿಂತ ಹಗುರವಾದ ಉಪಗ್ರಹ. ಅದನ್ನು ಮಾಡಿದವರು ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ಅದರ ಭೂಕೇಂದ್ರ ಇದ್ದದ್ದು ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ಸಂಸ್ಥೆಯಲ್ಲಿ. 2004ರ ಡಿಸೆಂಬರ್‌ನ ಸುನಾಮಿಯ ವೇಳೆ ಅಂಡಮಾನ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡ ತಮ್ಮ ರೇಡಿಯೊದಿಂದಲೇ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದರು.

ನಮ್ಮ ಕಾಲೇಜಿನಲ್ಲಿ ಹುಕ್ಕೇರಿ, ಗೋಕಾಕ, ಮೂಡಲಗಿ ಮೂರೂ ಕಡೆಯ ವಿದ್ಯಾರ್ಥಿಗಳಿದ್ದೇವೆ. ಮುಂದಿನ ಮಳೆಗಾಲದೊಳಗೆ ಒಂದೊಂದು ಕಡೆಯಿಂದ ಇಬ್ಬರಾದರೂ ಈ ಪರೀಕ್ಷೆ ಬರೆಯಬೇಕು ಎಂಬುದು ನನ್ನ ಆಸೆ. ಗುರುಗಳು ಕಂಪ್ಯೂಟರ್ ಲ್ಯಾಬ್‌ನಲ್ಲಿ ವಾರಕ್ಕೆ ಒಂದು ಗಂಟೆ ಕೊಟ್ಟರೆ, ಫೋನು ಮತ್ತು ಮೈಕ್ ಇಟ್ಟುಕೊಂಡು ನನಗೆ ಬಂದಷ್ಟನ್ನು ತೋರಿಸಲು ನಾನು ಸಿದ್ಧ. ಇನ್ಶಾ ಅಲ್ಲಾಹ್, ಮುಂದೆ ಯಾರ ಮನೆಯ ಅಮ್ಮಿಯೂ ಮೂರು ಪದಕ್ಕಾಗಿ ಎರಡು ದಿನ ಕಾಯುವಂತಾಗದಿರಲಿ.