ಕೆಲಸಕ್ಕೆ ಹೊರಟ ತಾಯಿ ಹಾಲು ಬಿಡಿಸಬೇಕೆ?

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಹೆರಿಗೆ ರಜೆ ಮುಗಿಯುತ್ತಾ ಬಂತು, ಮಗಳಿಗೆ ಆರು ತಿಂಗಳು ತುಂಬುತ್ತಿದೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆ ಸೇರುವುದು ಸಂಜೆ ಆರಕ್ಕೆ. ಇಡೀ ದಿನ ಎದೆಯಲ್ಲಿ ನಿಂತ ಹಾಲು ಕೆಟ್ಟಿರುತ್ತದೆ, ಕುಡಿಸಿದರೆ ಮಗುವಿಗೆ ಭೇದಿಯಾಗುತ್ತದೆ, ಈಗಲೇ ಬಾಟಲಿ ರೂಢಿ ಮಾಡು ಎನ್ನುತ್ತಾರೆ ಅತ್ತೆ. ಏನು ಮಾಡಲಿ ಡಾಕ್ಟ್ರೇ?
– ಹೆಸರು ಬೇಡ, ಮದ್ದೂರು

ಉತ್ತರ: ಹಾಲು ಬಿಡಿಸಬೇಡಿ ತಾಯಿ. ಎದೆಯೊಳಗಿನ ಹಾಲು ಹುಳಿಯುವುದಿಲ್ಲ, ಹಳಸುವುದಿಲ್ಲ. ಎಷ್ಟೇ ಸೆಕೆಯಲ್ಲಿ ದುಡಿದು ಬಂದರೂ ಕೈ ತೊಳೆದು ಸೀದಾ ಮಗುವನ್ನು ಎದೆಗೆ ಹಾಕಿಕೊಳ್ಳಿ. ಭೇದಿಯ ಭಯ ಇರಬೇಕಾದದ್ದು ಬಾಟಲಿಯ ಬಗ್ಗೆ. ಅದರ ನಿಪ್ಪಲ್‌ನ ಸಂದುಗಳನ್ನು ಪೂರಾ ಚೊಕ್ಕಟ ಮಾಡುವುದು ಕಷ್ಟ.

ನನಗಿರುವ ಚಿಂತೆ ಬೇರೆ. ಹಾಲು ತೆಗೆದಷ್ಟೂ ಊರುತ್ತದೆ, ಹತ್ತು ಗಂಟೆ ಎದೆ ಬಿಗಿದೇ ಇದ್ದರೆ ದಿನೇ ದಿನೇ ಇಳಿಯುತ್ತದೆ. ಹಾಗಾಗಿ ಊಟದ ಬಿಡುವಿನಲ್ಲಿ ಒಮ್ಮೆ, ಆದರೆ ಟೀ ಹೊತ್ತಿನಲ್ಲಿ ಇನ್ನೊಮ್ಮೆ ಹಿಂಡಿ ತೆಗೆಯಿರಿ. ಪಂಪ್ ಕೊಳ್ಳಲೇಬೇಕೆಂದಿಲ್ಲ. ಹೆಬ್ಬೆರಳು ಕಪ್ಪು ಭಾಗದ ಮೇಲಂಚಿಗೆ, ಉಳಿದ ಬೆರಳು ಕೆಳಗೆ ಬರಲಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ ಅದುಮಿ, ಬಿಡಿ. ತೊಟ್ಟನ್ನು ಎಳೆಯಬೇಡಿ. ಮೊದಮೊದಲು ನಾಲ್ಕು ಚಮಚ ಬಂದರೆ ಹಾಲೇ ಇಲ್ಲವೆಂದು ಹೆದರಬೇಡಿ, ಮಗು ಚೀಪಿದಷ್ಟು ಕೈಗೆ ಬರುವುದಿಲ್ಲ. ರಜೆ ಇರುವಾಗಲೇ ಅಭ್ಯಾಸ ಮಾಡಿಕೊಳ್ಳಿ.

ಹಿಂಡಿದ ಹಾಲು ತಂಪು ಕೋಣೆಯಲ್ಲಿ 4 ಗಂಟೆ ಕೆಡುವುದಿಲ್ಲ; ನಮ್ಮ ಬೇಸಿಗೆಯಲ್ಲಿ ಅಷ್ಟು ಹೊತ್ತು ನೆಚ್ಚಬೇಡಿ. ಕಾರ್ಖಾನೆಯಲ್ಲಿ ಫ್ರಿಜ್ ಸಿಗದಿದ್ದರೆ ಅಲ್ಲಿ ತೆಗೆದದ್ದನ್ನು ಚೆಲ್ಲಿಬಿಡಿ, ಹಾಲಿನ ಊಟೆ ಉಳಿಯುವುದು ಮುಖ್ಯ. ಬೆಳಿಗ್ಗೆ ಹೊರಡುವ ಮುನ್ನ ಹಿಂಡಿದ್ದನ್ನು, ನೀರಿನಲ್ಲಿ ಕುದಿಸಿ ಆರಿಸಿದ ಸ್ಟೀಲ್ ಡಬ್ಬಿಯಲ್ಲಿ ಮನೆಯ ಫ್ರಿಜ್ಜಿನ ಒಳಗಡೆ ಇಡಿ. ಕರೆಂಟ್ ಹೋಗಿ ಬಂದು ಮಾಡುವ ಊರಲ್ಲಿ ಅವತ್ತಿನದನ್ನು ಅವತ್ತೇ ಮುಗಿಸುವುದು ಕ್ಷೇಮ. ಮೇಲೆ ಕೆನೆ ಕಟ್ಟಿದರೆ ಕೆಟ್ಟಿದೆ ಎಂದಲ್ಲ. ಒಲೆಯ ಮೇಲೆ ಕಾಯಿಸದೆ, ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ಒಳಲೆಯಲ್ಲಿ ಕುಡಿಸಲಿ. ಒಳಲೆ ಹಿಡಿಯುವುದನ್ನು ನಿಮ್ಮ ಅತ್ತೆಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಕೆಲಸ ಅವರಿಗೇ ಒಪ್ಪಿಸಿ.

ಆರು ತಿಂಗಳು ತುಂಬಿದ ಮೇಲೆ ಹಗಲಿಗೆ ರಾಗಿ ಸರಿ, ನುಣ್ಣಗೆ ಕಿವುಚಿದ ಅನ್ನ-ಬೇಳೆ ಇದ್ದೇ ಇದೆ. ರಾತ್ರಿ ಮಗು ಕೇಳಿದಾಗಲೆಲ್ಲ ಕೊಡಿ. ಎರಡು ವರ್ಷದವರೆಗೂ ಹೀಗೇ ನಡೆಸಬಹುದು.

ಇನ್ನೊಂದು ಮಾತು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಯನ್ನು ದಿನಕ್ಕೆ 4 ಬಾರಿ ಅಲ್ಲಿಗೆ ಬಿಡಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ 2 ಬಿಡುವನ್ನೂ ಕಾನೂನು ಕೊಟ್ಟಿದೆ. ಸಂಕೋಚಪಡದೆ ಕೇಳಿ, ಜೊತೆಯವರನ್ನೂ ಕರೆದುಕೊಂಡು ಹೋಗಿ ಕೇಳಿ.

ಎದೆ ಕೆಂಪಾಗಿ, ಗಟ್ಟಿಯಾಗಿ, ಚಳಿಜ್ವರ ಬಂದರೆ ಹಾಲೂಡುವುದನ್ನು ನಿಲ್ಲಿಸದೆ ಅವತ್ತೇ ವೈದ್ಯರಿಗೆ ತೋರಿಸಿ.